ಅವ್ವನ ಮಣಿಕಟ್ಟು

ರಾಣೇಬೆನ್ನೂರು ಬಸ್‌ಸ್ಟ್ಯಾಂಡಿನಲ್ಲಿ ನಾನೊಂದು ಹಳೇ ಪುಸ್ತಕ ಕೊಂಡೆ, ಮೂವತ್ತೇ ದಿನದಲ್ಲಿ ಸ್ಪ್ಯಾನಿಷ್ ಕಲಿಸುವಂಥದ್ದು. ಮೂರನೇ ದಿನಕ್ಕೇ ಬ್ಯಾಡಗಿಯ ನಮ್ಮ ಓಣಿಯ ಎಮ್ಮೆಗಳೆಲ್ಲ ಸ್ಪ್ಯಾನಿಷ್‌ನಲ್ಲಿ ಒದರತೊಡಗಿವೆ ಎಂದು ಕಾಲೇಜಿನಲ್ಲಿ ಸುದ್ದಿ ಹಬ್ಬಿಸಿದೆ. ನಿಜವಾಗಿ ನನಗೆ ಬಂದದ್ದು ಒಂದೇ ಪದ: ಮುನ್ಯೇಕಾ. ಗೊಂಬೆಗೂ ಅದೇ, ಮಣಿಕಟ್ಟಿಗೂ ಅದೇ, ಕಟ್ಟಿಗೆಗೆ ಪಾಲಿಶ್ ಹಚ್ಚುವ ಅರಿವೆಯ ಉಂಡೆಗೂ ಅದೇ.

"ಇಷ್ಟಕ್ಕೆಲ್ಲಾ ಒಂದ ಮಾತೇನ? ಭಾಳ ಬಡವರಿರಬೇಕ ಬಿಡವಾ ಆ ಮಂದಿ," ಎಂದಳು ಅವ್ವ.

ಅವ್ವ ಮೆಣಸಿನಕಾಯಿ ತೊಟ್ಟು ಮುರಿಯಲು ಹೋಗುತ್ತಿದ್ದಳು. ಎಷ್ಟು ತೊಳೆದರೂ ಬೆರಳಿನ ಖಾರ ಹೋಗುತ್ತಿರಲಿಲ್ಲ. ಹಾಗಾಗಿ ಜ್ವರ ನೋಡುವುದು, ಕಣ್ಣೀರು ಒರೆಸುವುದು ಎಲ್ಲ ಮಣಿಕಟ್ಟಿನಿಂದಲೇ. ಆ ಕೆಲಸದ ಹೆಂಗಸರೆಲ್ಲ ಮಕ್ಕಳನ್ನು ಮುಟ್ಟುವುದೇ ಹಾಗೆ.

ಹೋದ ವರ್ಷ ಅವ್ವನಿಗೆ ಎದೆನೋವು ಹೆಚ್ಚಾಯಿತು. ಮರುದಿನ ಹಾವೇರಿಯ ದವಾಖಾನೆಗೆ ಸೇರಿಸಬೇಕಿತ್ತು. ಅವಳನ್ನು ನಗಿಸಿಯೇ ಕಳಿಸಬೇಕೆಂದು ನನ್ನ ಹಟ. ಆ ದಿನ ಅವಳ ಬದಲು ನಾನೇ ಕೆಲಸಕ್ಕೆ ಹೋದೆ. ಸಂಜೆ ಬಂದವಳೇ, "ಅವ್ವಾ, ನಾ ತೊಟ್ಟ ಮುರದ ರಾಶಿ ಗುಡ್ಡದಷ್ಟಾಗಿತ್ತು. ಮ್ಯಾಲೆ ಹತ್ತಿದ್ರ ಹಾವೇರಿ ಕಾಣತಿತ್ತು!" ಎಂದೆ.

"ಹಂಗಾರ ದವಾಖಾನ್ಯಾಗ ಕಾಟ್ ಖಾಲಿ ಐತೇನ್ ನೋಡ್ಬೇಕಿತ್ತಲ್ಲ?"

ಅವಳು ನಕ್ಕಳು. ನಗುತ್ತಾ ನಗುತ್ತಾ ಕಣ್ಣಲ್ಲಿ ನೀರು ಬಂತು. ಗೆದ್ದ ಖುಷಿಯಲ್ಲಿ ನಾನು ಅದನ್ನು ಒರೆಸಿದೆ, ಬೆರಳಿನಿಂದ.

ಬ್ಯಾಡಗಿ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎನ್ನುತ್ತಾರೆ. ಕಣ್ಣಿಗೆ ಅದು ಗೊತ್ತಿಲ್ಲ. ಅವ್ವ ಚೀರಿದಳು. ನೀರು ಹೊಡೆದೆ, ಹಾಲು ಹಾಕಿದೆ.

"ಮಣಿಕಟ್ಟಲೆ ಒರಸಬೇಕಲ್ಲ ನನ್ನವ್ವ, ಇಷ್ಟ್ ವರ್ಷ ಏನ್ ನೋಡಿದಿ?" ಎಂದಳು, ಕಣ್ಣು ಮುಚ್ಚಿಕೊಂಡೇ.

ಬೆಳಿಗ್ಗೆ ಜೀಪು ಹತ್ತುವಾಗಲೂ ಕಣ್ಣು ಊದಿಕೊಂಡಿದ್ದವು. ಬಾಗಿಲಲ್ಲಿ ನಿಂತ ನನ್ನ ಕಡೆ ಮುಖ ತಿರುಗಿಸಿದಳು; ಅವಳಿಗೆ ನಾನು ಕಂಡೆನೋ ಇಲ್ಲವೋ. ಮಧ್ಯಾಹ್ನ ಎಸ್‌ಟಿಡಿ ಬೂತಿನವರು ಓಡಿ ಬಂದು ಸುದ್ದಿ ಹೇಳಿದರು.

ಹೆಣ ಮನೆಗೆ ಬಂದಾಗ ಕರ್ಜಗಿಯಿಂದ ಬಂದಿದ್ದ ದೊಡ್ಡವ್ವ ಎದೆ ಬಡಿದುಕೊಂಡು ಅತ್ತಳು. "ಮಗಳನ್ನ ಬಿಟ್ಟ ಹೋಗ್ಬೇಕಲ್ಲಾ ಅಂತ ಎಷ್ಟ್ ಅತ್ತಾಳ ನೋಡ್ರೇ, ಕಣ್ಣ ಹೆಂಗ ಊದ್ಯಾವು!"

ಹೌದೆಂದರು ಎಲ್ಲರೂ. ದೊಡ್ಡವ್ವ ನನ್ನ ಕಣ್ಣು ಒರೆಸಲು ಕೈ ಚಾಚಿದಳು. ಅವಳ ಬೆರಳಲ್ಲಿ ಖಾರ ಇರಲಿಲ್ಲ. ಆದರೂ ಮುಖ ಹಿಂದೆ ಎಳೆದುಕೊಂಡೆ. ದುಪಟ್ಟಾದೊಳಗೆ ಮುಚ್ಚಿಟ್ಟ ನನ್ನ ಬೆರಳು ಇನ್ನೂ ಉರಿಯುತ್ತಿದ್ದವು.