ಕುಡಚಿ ಸ್ಟೇಷನ್ನಿನ ಆಚೆ ಬದಿ

ಮಗ್ಗ ಬಂದ್ ಮಾಡಿ, ಬನಹಟ್ಟಿಯಿಂದ ಬೆಳಗಿನ ಏಳರ ಬಸ್ಸಿಗೆ ಗಂಗಕ್ಕನನ್ನು ಕರೆದುಕೊಂಡು ಹೊರಟೆ. ಅಕ್ಕನ ಎರಡೂ ಕಣ್ಣಿಗೆ ಪೊರೆ ಬಂದಿತ್ತು; ಮಿರಜಿನ ಆಸ್ಪತ್ರೆಗೆ ತೋರಿಸಬೇಕಿತ್ತು. ಅವಳಿಗೆ ಬಸ್ ಪುಕ್ಕಟೆ, ನನಗಷ್ಟೇ ಟಿಕೆಟ್. ಎಂದಿನಂತೆ ಕಿಟಕಿಯೊಳಗೆ ಟವೆಲ್ ಎಸೆದು ಇಬ್ಬರಿಗೂ ಸೀಟು ಹಿಡಿದೆ. ತೇರದಾಳ, ಹಾರೂಗೇರಿ ದಾಟಿ ಕುಡಚಿ ಸ್ಟೇಷನ್ ತಲುಪಲು ಒಂದೂವರೆ ತಾಸು ಹಿಡಿಯಿತು.

ನಮ್ಮ ಕಡೆಯವರು ಬಸ್ಸಿನ ಮಂದಿ. ಊರಿಗೆ ರೈಲು ಬರುತ್ತದೆಂದು ಕೇಳುತ್ತ ಕೇಳುತ್ತಲೇ ನನ್ನ ತಲೆ ನೆರೆತಿದೆ. ಪ್ಲಾಟ್‌ಫಾರ್ಮಿನ ತುಂಬ ಜನ ಕಂಡಾಗ ನನಗೆ ಹೊಳೆದದ್ದೂ ಬಸ್ ಸ್ಟ್ಯಾಂಡಿನ ಉಪಾಯವೇ. ಮಿರಜಿನ ಗಾಡಿ ಬರುವ ಮೊದಲೇ ಹಳಿಗಿಳಿದು ಆಚೆ ಬದಿ ನಿಂತರೆ ಖಾಲಿ ಬಾಗಿಲು ಸಿಗುತ್ತದೆ.

"ಬ್ಯಾಡೋ ತಮ್ಮಾ, ನನಗ ಕಾಲ ಕೆಳಗಿಂದು ಕಾಣಂಗಿಲ್ಲ," ಎಂದಳು ಅಕ್ಕ.

"ನಾ ಅದೀನಲ್ಲ, ಬಾ ಬೇ," ಎಂದು ಇಳಿಸಿದೆ.

ಗಾಡಿ ಬಂದು ನಿಂತಿತು. ಆ ಬದಿಯಲ್ಲಿ ಮೆಟ್ಟಿಲು ಎದೆಯೆತ್ತರಕ್ಕಿತ್ತು. ಅಕ್ಕನ ಕೈ ಬಿಟ್ಟು ಮೊದಲು ನಾನು ಹತ್ತಿದೆ, ಸೀಟಿಗೆ ಟವೆಲ್ ಎಸೆದೆ. ಅಷ್ಟರಲ್ಲಿ ಎರಡನೇ ಹಳಿಯ ಮೇಲೆ ಗೂಡ್ಸ್ ಗಾಡಿ ಹಾರ್ನ್ ಹೊಡೆಯಿತು. ಗಾಬರಿಯಾದ ಅಕ್ಕ ಆ ಹಳಿಯ ಕಡೆಗೇ ನಡೆದಳು. ನಾನು ಹಾರಬಹುದಿತ್ತು. ಹಾರಲಿಲ್ಲ. ಬಾಗಿಲ ಸರಳು ಹಿಡಿದು ಒಳಕ್ಕೆ ಸರಿದೆ. ಇದನ್ನು ಬರೆಯುವಾಗಲೂ ನಾಚಿಕೆಯಿಂದ ಮೈ ಹಿಡಿಯಾಗುತ್ತಿದೆ.

ಕಿತ್ತಳೆ ಅಂಗಿಯ ಹಳಿ ಕೆಲಸಗಾರನೊಬ್ಬ ಓಡಿಬಂದು ಅವಳ ರಟ್ಟೆ ಹಿಡಿದು ಎಳೆದು, ನೆಲಕ್ಕೆ ಕೂರಿಸಿದ. ಗೂಡ್ಸಿನ ಡಬ್ಬಿಗಳು ಒಂದೊಂದಾಗಿ ಹಾದುಹೋದವು. ಸದ್ದು ನಿಂತ ಮೇಲೆ ನಾನು ಇಳಿದು ಅಕ್ಕನ ಪಕ್ಕ ಕುಳಿತೆ. ಅವಳು ನನ್ನನ್ನು ಗಟ್ಟಿಯಾಗಿ ತಬ್ಬಿಕೊಂಡಳು.

"ಬಸ್ ಅಂತ ತಿಳಿದೀರೇನ್ರಿ ಇದನ್ನ?" ಎಂದ ಆತ. "ಮೊದಲ ಒಂದ ಹಳಿ ಇತ್ತು, ಈಗ ಎರಡ ಆಗ್ಯಾವ. ಕರೆಂಟ್ ಇಂಜಿನ್ ಮೈಮ್ಯಾಲ ಬರೂತನಕ ಗೊತ್ತಾಗಂಗಿಲ್ಲ. ಗಾಡಿಗೆ ಗಾಡಿ ಬಡದರ ಪೇಪರ್ನ್ಯಾಗ ಬರತೈತಿ. ಹಿಂಗ ಹಳಿ ದಾಟಾಕ ಹೋಗಿ ಸತ್ತವ್ರನ್ನ ನಾವ ಎತ್ತತೇವ್ರಿ. ಈಗೀಗ ಭಾಳ ಆಗಾಕತ್ತೈತಿ."

ಗಾಡಿ ಹೊರಟುಹೋಯಿತು. ನನ್ನ ಟವೆಲ್ ಸೀಟು ಹಿಡಿದುಕೊಂಡು ತಾನೊಂದೇ ಮಿರಜಿಗೆ ಹೋಯಿತು. ಎರಡು ತಾಸಿನ ಮೇಲೆ, ಸ್ಟೇಷನ್ನಿನ ಮೇಲ್ಸೇತುವೆ ಹತ್ತಿ ಇಳಿದು, ಮುಂದಿನ ಗಾಡಿ ಹಿಡಿದೆವು. ಕೂರಲು ಬೇಕಾದಷ್ಟು ಜಾಗವಿತ್ತು. ಮಿರಜಿನ ಡಾಕ್ಟರು ಮುಂದಿನ ವಾರ ಆಪರೇಶನ್ ಎಂದರು.

ಸಂಜೆ ಮನೆ ಮುಟ್ಟಿದಾಗ ಅಕ್ಕನ ಸೊಸೆ ಚಹಾ ತಂದಳು. ಅಕ್ಕ ಕೂತವಳೇ ಹೇಳತೊಡಗಿದಳು: "ಇವತ್ತ ನಾ ಉಳದದ್ದ ತಮ್ಮನಿಂದ. ಗಾಡಿ ಮೈಮ್ಯಾಲ ಬಂದಿತ್ತು ನೋಡವಾ. ಜೀವದ ಹಂಗ ಬಿಟ್ಟು ಬಂದು ರಟ್ಟಿ ಹಿಡದ ಎಳದ."

ಅವಳಿಗೆ ಕಂಡದ್ದು ಅಷ್ಟೇ. ಎಳೆದವನು ಯಾರೆಂದು ಆ ಕಣ್ಣುಗಳಿಗೆ ತಿಳಿಯುವಂತಿರಲಿಲ್ಲ. ಸೊಸೆ ಸೆರಗು ಸರಿಮಾಡಿಕೊಂಡು ನನ್ನ ಕಾಲು ಮುಟ್ಟಲು ಬಗ್ಗಿದಳು.

ಕಾಲು ಹಿಂದಕ್ಕೆಳೆದುಕೊಂಡೆ. ನಾನಲ್ಲ ಎಂಬ ಒಂದು ಮಾತು ಮಾತ್ರ ಬಾಯಿಂದ ಹೊರಡಲಿಲ್ಲ.