ಹಿಂದಿನ ಪೀಠವಿಲ್ಲದ ಗಾಡಿ

ವಕೀಲನಾದವನು ಯಾವುದಕ್ಕೂ ಬೆರಗಾಗಬಾರದು ಎಂದು ನನಗೆ ಕೆಲಸ ಕಲಿಸಿದ ಹಿರಿಯರು ಹೇಳುತ್ತಿದ್ದರು. ಎದುರು ಪಕ್ಷದವನು ಆನೆಯನ್ನೇ ಸಾಕ್ಷಿಗೆ ತಂದು ನಿಲ್ಲಿಸಿದರೂ ನೀವು ಮೂಗಿನ ತುದಿಯ ಕನ್ನಡಕವನ್ನು ಸ್ವಲ್ಪ ಮೇಲಕ್ಕೆ ತಳ್ಳಿ ಸುಮ್ಮನಿರಬೇಕಂತೆ. ನನ್ನಿಂದ ಅದು ಒಂದು ದಿನವೂ ಆಗಲಿಲ್ಲ. ನಂಜನಗೂಡಿನ ಸ್ಟೇಷನ್ನಿಗೆ ಮೈಸೂರಿನ ರೈಲು ಬರುವ ಹೊತ್ತಿಗೆ ನಾನು ಯಾವುದಾದರೊಂದು ನೆಪ ಹುಡುಕಿಕೊಂಡು ಅಲ್ಲಿರುತ್ತಿದ್ದೆ. ಅಷ್ಟು ಭಾರದ ಕಬ್ಬಿಣ, ಬರೀ ನೀರು ಕುಡಿದು ಬೆಂಕಿ ತಿಂದು, ಹೇಳಿದ ಜಾಗದಲ್ಲಿ ಬಂದು ನಿಲ್ಲುತ್ತದಲ್ಲ! ನನ್ನ ಕಕ್ಷಿಗಾರರಿಗೆ ಈ ವಿಷಯ ಗೊತ್ತಿತ್ತು. ಕೋರ್ಟಿನಲ್ಲಿ ಕಾಣದಿದ್ದರೆ ನೇರವಾಗಿ ಸ್ಟೇಷನ್ನಿಗೇ ಬಂದು ನನ್ನನ್ನು ಹಿಡಿಯುತ್ತಿದ್ದರು.

ಇಂಥವನು ಮೋಟಾರು ಕಂಡರೆ ಏನಾಗಬೇಡ ಹೇಳಿ. ಮಹಾರಾಜರ ಮೈಸೂರಿನಲ್ಲಿ ಆಗ ಮೋಟಾರುಗಳು ಅಲ್ಲೊಂದು ಇಲ್ಲೊಂದು ಓಡಾಡುತ್ತಿದ್ದವು. ಒಂದು ಸಾರಿ ಮೊಕದ್ದಮೆಯ ಕೆಲಸದ ಮೇಲೆ ಅರಮನೆಯ ನೆಂಟರಾದ ಒಬ್ಬ ಅರಸಿನವರ ಬಂಗಲೆಗೆ ಹೋಗಿದ್ದಾಗ, ಕುದುರೆ ಲಾಯದ ಮೂಲೆಯಲ್ಲಿ ಅದು ನಿಂತಿತ್ತು. ಪಂದ್ಯದಲ್ಲಿ ಓಡಿಸಲೆಂದೇ ವಿಲಾಯಿತಿಯಲ್ಲಿ ಮಾಡಿದ ಗಾಡಿ. ನೆಲಕ್ಕೆ ಅಂಟಿಕೊಂಡಂತೆ ತಗ್ಗಾಗಿತ್ತು, ಮೂತಿ ಉದ್ದ, ಹಿತ್ತಾಳೆಯ ದೀಪಗಳು, ರಬ್ಬರ್ ಉಂಡೆ ಅಮುಕಿದರೆ ಕೂಗುವ ಕಹಳೆ. ಮೇಲೆ ಮಾಡು ಇಲ್ಲ. ಬೇಕೆಂದಾಗ ಎಳೆದುಕೊಳ್ಳಲು, ಬೇಡವಾದಾಗ ಹಿಂದಕ್ಕೆ ಮಡಿಸಿಡಲು ಚರ್ಮದ ಒಂದು ಟಾಪು. ಆಕಾಶವನ್ನೇ ಬೇಕಾದಾಗ ತೆಗೆಯುವ, ಬೇಡವಾದಾಗ ಮುಚ್ಚುವ ಅಧಿಕಾರ! ನಾನು ಬಂದ ಕೆಲಸವನ್ನೇ ಮರೆತು ಅದರ ಸುತ್ತ ಪ್ರದಕ್ಷಿಣೆ ಬಂದೆ. ಅರಸಿನವರು ಜಗಲಿಯಿಂದ ನೋಡಿ ನಕ್ಕು, "ಬೇಕೇ ವಕೀಲರೇ?" ಎಂದರು.

ಕೊಡಲು ಅವರಿಗಿದ್ದ ಕಾರಣ ಕಣ್ಣಿಗೇ ಕಾಣುತ್ತಿತ್ತು. ಕೊಂಡಾಗ ಅವರು ತೆಳ್ಳಗಿದ್ದರಂತೆ. ಈಗ ಗಾಡಿಯೊಳಕ್ಕೆ ಇಳಿಯುವುದೇ ಕಷ್ಟ, ಇಳಿದರೆ ಏಳುವುದು ಇನ್ನೂ ಕಷ್ಟ. ಅಗ್ಗವಾಗಿ ಕೊಡಲು ಕಾರಣ ಬೇರೆ. ಅದರಲ್ಲಿ ಇಬ್ಬರೇ ಕೂರಬಹುದಾಗಿತ್ತು. ನಮ್ಮಲ್ಲಿ ಇಬ್ಬರೇ ಇರುವ ಮನೆ ಎಲ್ಲಿದೆ? ಅಜ್ಜಿ, ಅತ್ತೆ, ನಾದಿನಿ, ಅವಳ ಮಕ್ಕಳು, ಒಂದು ಹಾಸಿಗೆ ಸುರುಳಿ, ಉಪ್ಪಿನಕಾಯಿ ಜಾಡಿ ಇಷ್ಟೂ ಹಿಡಿಸದಿದ್ದರೆ ಅದು ಗಾಡಿಯೇ ಅಲ್ಲ ಎಂದು ನೋಡಿದವರೆಲ್ಲ ಬಿಟ್ಟುಹೋಗಿದ್ದರು. ಆಟದ ಸಾಮಾನು ಎಂದು ಯಾರೋ ಹೇಳಿಯೂ ಇದ್ದರಂತೆ. ನನ್ನಂಥ ಸಣ್ಣ ಸಂಪಾದನೆಯವನ ಕೈಗೆ ಅಂಥ ವಸ್ತು ಎಟುಕಿದ್ದು ನಮ್ಮ ದೇಶದ ಅವಿಭಕ್ತ ಕುಟುಂಬದ ಪುಣ್ಯದಿಂದ.

ಮನೆಯ ಹಿಂಭಾಗದ ಸೋರುವ ಮಾಡಿಗೆ ಹೆಂಚು ಹೊದಿಸಲು ಹಣ ಕೂಡಿಟ್ಟಿದ್ದೆ. ಮಾಡಿಗೆಂದು ಇಟ್ಟದ್ದನ್ನು ಮಾಡಿಲ್ಲದ ಗಾಡಿಗೆ ಸುರಿದು ಬಂದೆ. ಅರಸಿನವರ ಡ್ರೈವರು ನಂಜನಗೂಡಿನವರೆಗೂ ಜೊತೆಗೆ ಬಂದು, ದಾರಿಯುದ್ದಕ್ಕೂ ಓಡಿಸುವುದನ್ನು ಕಲಿಸಿ, ರೈಲು ಹತ್ತಿ ಹೊರಟುಹೋದ. ಮುಂದಕ್ಕೆ ಹೋಗುವುದನ್ನು ಚೆನ್ನಾಗಿ ಕಲಿಸಿದ. ಹಿಂದಕ್ಕೆ ಬರುವುದನ್ನು ಕಲಿಸುವಷ್ಟು ಹೊತ್ತು ಅವನಿಗಿರಲಿಲ್ಲ. ಎತ್ತಿನ ಗಾಡಿಯ ಅಭ್ಯಾಸದಿಂದ, ನಿಲ್ಲಿಸಬೇಕಾದಾಗಲೆಲ್ಲ ನಾನು ಕೈಯಲ್ಲಿದ್ದ ಸ್ಟಿಯರಿಂಗ್ ಚಕ್ರವನ್ನು ಎದೆಗೆ ಎಳೆದುಕೊಂಡು "ಹೋ ಹೋ" ಎನ್ನುತ್ತಿದ್ದೆ.

ಕೊಟ್ಟಿಗೆಯಲ್ಲಿ ಹಸುವಿನ ಪಕ್ಕ ಅದಕ್ಕೆ ಜಾಗ ಮಾಡಿದೆ. ನನ್ನ ಹೆಂಡತಿ ಜಾನಕಿ ಅದಕ್ಕೆ ಅರಿಸಿನ ಕುಂಕುಮ ಹಚ್ಚಿ, ಚಕ್ರದ ಕೆಳಗೆ ನಿಂಬೆಹಣ್ಣಿಟ್ಟು, ಆರತಿಯನ್ನೂ ಎತ್ತಿದಳು. ಸೋರುವ ಮಾಡಿನ ಬಗ್ಗೆ ಒಂದು ಮಾತೂ ಆಡದೆ ಇದ್ದದ್ದು ಅವಳ ದೊಡ್ಡತನ. ಆದರೆ ಗಾಡಿ ಹತ್ತು ಎಂದಾಗ ಹೌಹಾರಿದಳು.

"ನಿಮ್ಮ ಪಕ್ಕದಲ್ಲಿ ಕೂತ್ಕೊಂಡು ಪೇಟೆ ಬೀದೀಲಿ ಹೋಗೋದೇ? ನನಗೇನು ಹುಚ್ಚೇ?"

ಗಂಡನ ಪಕ್ಕದಲ್ಲಿ ಹೆಂಡತಿ ನಾಲ್ಕು ಜನರೆದುರಿಗೆ ಕೂರುವುದೆಂದರೆ ಆಗ ಮದುವೆಯ ಹಸೆಮಣೆ, ಇಲ್ಲವೇ ಸತ್ಯನಾರಾಯಣ ಪೂಜೆ. ನಾನು ವಾದ ಹೂಡಿದೆ. ನಮ್ಮೂರ ನಂಜುಂಡೇಶ್ವರನ ವಾಹನ ಯಾವುದು? ನಂದಿ. ಅದರ ಮೇಲೆ ಎಷ್ಟು ಜನ ಕೂರುತ್ತಾರೆ? ಇಬ್ಬರೇ. ಮಾಡುಂಟೇ? ಇಲ್ಲ. ಮೂರು ಲೋಕದ ಒಡೆಯ ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಬಯಲಲ್ಲೇ ಓಡಾಡುತ್ತಾನೆ. ಹಾಗಾದರೆ ನನ್ನ ಗಾಡಿ ಶಾಸ್ತ್ರಕ್ಕೆ ಹೇಗೆ ವಿರುದ್ಧವಾಯಿತು?

"ಅವರು ದೇವರು, ಕೇಳೋರಿಲ್ಲ. ನಮ್ಮನ್ನ ಕೇಳೋಕೆ ಇಡೀ ಅಗ್ರಹಾರ ಇದೆ" ಎಂದಳು ಜಾನಕಿ. ನನ್ನ ವಾದ ಅಲ್ಲಿಗೇ ವಜಾ ಆಯಿತು.

ಹೀಗೆ ನನ್ನ ಪಕ್ಕದ ಜಾಗ ಖಾಲಿ ಉಳಿಯಿತು. ಕೋರ್ಟಿನ ಗುಮಾಸ್ತರೊಬ್ಬರು ಧೈರ್ಯ ಮಾಡಿ ಒಂದು ಸಲ ಕೂತರು. ಸೇತುವೆಯ ಮೇಲೆ ಅವರ ಜರಿ ರುಮಾಲು ಹಾರಿ ಕಪಿಲೆಯ ಪಾಲಾಯಿತು. ಆಮೇಲೆ ಊರಿನಲ್ಲಿ ಯಾರೂ ಆ ಜಾಗಕ್ಕೆ ಆಸೆಪಡಲಿಲ್ಲ.

ಆ ಜಾಗದ ಮೇಲೆ ಕಣ್ಣಿಟ್ಟಿದ್ದವರು ಮನೆಯೊಳಗೇ ಒಬ್ಬರಿದ್ದರೆಂದು ನನಗೆ ಹೊಳೆದಿರಲಿಲ್ಲ. ಅವಳು ನಮ್ಮ ದೊಡ್ಡತ್ತೆ, ನನ್ನ ತಂದೆಯ ಅಕ್ಕ. ಮದುವೆಯೆಂದರೆ ಏನೆಂದು ತಿಳಿಯುವ ಮೊದಲೇ ಗಂಡನನ್ನು ಕಳೆದುಕೊಂಡು, ತಲೆ ಬೋಳಿಸಿಕೊಂಡು, ಕೆಂಪು ಸೀರೆ ಉಟ್ಟು ತವರಿಗೆ ಬಂದವಳು. ತಾಯಿಯಿಲ್ಲದ ನನ್ನನ್ನು ಸಾಕಿದವಳು ಅವಳೇ. ನಾವು ಯಾರಾದರೂ ಊರಿಗೆ ಹೊರಟರೆ ಅವಳು ಹೊತ್ತಿಗೆ ಮುಂಚೆಯೇ ಅಡಿಗೆಮನೆಗೆ ಸರಿದು ಬಾಗಿಲು ಮುಂದೆ ಮಾಡಿಕೊಳ್ಳುತ್ತಿದ್ದಳು, ಹೊರಡುವವರಿಗೆ ತನ್ನ ಮುಖ ಎದುರಾಗಬಾರದೆಂದು. ತಾನೇ ಹೊರಟಾಗಲೂ ಅಷ್ಟೇ. ಕಮಾನುಗಾಡಿಯಲ್ಲಿ ಮುಂದೆ ಕೂತರೆ ಎದುರಿಗೆ ಬರುವವರಿಗೆ ಅಪಶಕುನ. ಆದ್ದರಿಂದ ಎಲ್ಲರೂ ಹತ್ತಿದ ಮೇಲೆ ಅವಳು ಹಿಂದುಗಡೆ ಹತ್ತಿ, ಹಿಂದಕ್ಕೆ ಮುಖ ಮಾಡಿ ಕಾಲು ಇಳಿಬಿಟ್ಟು ಕೂರುತ್ತಿದ್ದಳು. ಗಾಡಿ ದಾಟಿಹೋದ ದಾರಿ ಮಾತ್ರ ಅವಳಿಗೆ ಕಾಣುತ್ತಿತ್ತು. ನಾನು ಮಗುವಾಗಿದ್ದಾಗ ಅವಳ ತೊಡೆಯ ಮೇಲೆ ಕೂತು ಹಾಗೆಯೇ ಪ್ರಯಾಣ ಮಾಡಿದ್ದೇನೆ. ದಾರಿಯೆಂದರೆ ನಮ್ಮಿಂದ ದೂರ ಹೋಗುವ ವಸ್ತು ಎಂದೇ ಬಹಳ ಕಾಲ ನಂಬಿದ್ದೆ.

ಅವಳ ಕಣ್ಣಿಗೆ ಪೊರೆ ಬರುತ್ತಿತ್ತು. ಒಂದು ಕಣ್ಣು ಆಗಲೇ ಮಸುಕು. ಇನ್ನೊಂದು ಹೋಗುವುದರೊಳಗೆ ತಿರುಮಕೂಡಲಿನ ಸಂಗಮದಲ್ಲಿ ಒಂದು ಮುಳುಗು ಹಾಕಿ, ಕಪಿಲೆ ಕಾವೇರಿ ಸೇರುವುದನ್ನು ಕಣ್ಣಾರೆ ನೋಡಬೇಕೆಂಬುದು ಅವಳ ಆಸೆ. ಒಂದು ದಿನ ಬೆಳಿಗ್ಗೆ ಕೊಟ್ಟಿಗೆಗೆ ಹೋದಾಗ, ಹಾಲು ಕರೆಯಲು ಬಂದಿದ್ದವಳು ಗಾಡಿಯ ಬಾಗಿಲ ಮೇಲೆ ಕೈಯಿಟ್ಟು ನಿಂತಿದ್ದಳು.

"ಇದರಲ್ಲಿ ಹಿಂದುಗಡೆ ಕೂರೋಕೆ ಎಲ್ಲಿದೆಯೋ?" ಎಂದು ಕೇಳಿದಳು.

"ಹಿಂದುಗಡೆ ಇಲ್ಲವೇ ಇಲ್ಲ ದೊಡ್ಡತ್ತೆ. ಇರೋದೆಲ್ಲ ಮುಂದುಗಡೆಯೇ."

"ಹಾಗಾದರೆ ನನಗಲ್ಲ ಬಿಡು" ಎಂದು ತಂಬಿಗೆ ಎತ್ತಿಕೊಂಡು ಹೊರಟಳು.

ಅವಳ ದನಿಯಲ್ಲಿ ದುಃಖವಿರಲಿಲ್ಲ. ಸಂತೆಯಲ್ಲಿ ತನಗೆ ಬೇಡದ ತರಕಾರಿಯ ಬೆಲೆ ಕೇಳಿ ಮುಂದೆ ಹೋದ ಹಾಗಿತ್ತು. ನನಗೆ ಅದೇ ತಡೆಯಲಾಗಲಿಲ್ಲ. ನಾಳೆಯೇ ತಿರುಮಕೂಡಲಿಗೆ ಹೊರಡುವುದೆಂದು ಹೇಳಿಬಿಟ್ಟೆ. ಜಾನಕಿ ನನ್ನನ್ನು ಪಕ್ಕಕ್ಕೆ ಕರೆದು, "ದಾರೀಲಿ ಯಾರಾದರೂ ಮುಖ ತಿರುಗಿಸಿಕೊಂಡರೆ? ಏನಾದರೂ ಅಂದರೆ? ಈ ವಯಸ್ಸಿನಲ್ಲಿ ಅದನ್ನ ಅವರು ತಡ್ಕೋಬೇಕಲ್ಲ" ಎಂದಳು. ಟಾಪು ಎಳೆದು ಮುಚ್ಚಿಕೊಂಡೇ ಹೋಗುವುದೆಂದು ತೀರ್ಮಾನವಾಯಿತು. ಕೆಂಪು ಸೀರೆಯ ಮುಸುಕೊಂದು, ಅದರ ಮೇಲೆ ಚರ್ಮದ ಮುಸುಕೊಂದು.

ಹಿತ್ತಿಲ ಓಣಿಯಿಂದಲೇ ಹೊರಟೆವು. ದೊಡ್ಡತ್ತೆ ಕಣ್ಣುಮುಚ್ಚಿ ಬಾಗಿಲನ್ನು ಬಿಗಿಯಾಗಿ ಹಿಡಿದುಕೊಂಡಿದ್ದಳು. ಊರು ಹಿಂದಾಗಿ ಗದ್ದೆ ಬಯಲು ಬಂದ ಮೇಲೆ ಮೆಲ್ಲನೆ ಕಣ್ಣು ತೆರೆದಳು.

"ಅಲ್ಲೊಂದು ಆಲದ ಮರ ಇದೆ ಅಲ್ಲವೇನೋ?"

"ಹೌದು."

"ನಾವು ಇನ್ನೂ ಅಲ್ಲಿಗೆ ಹೋಗೇ ಇಲ್ಲ. ಆಗಲೇ ಕಾಣ್ತಿದೆಯಲ್ಲೋ!"

ನನಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಗಾಡಿಯ ವೇಗ ತಗ್ಗಿಸಿದೆ. ಅವಳಿಗೆ ಮರಗಳೆಲ್ಲ ಪಕ್ಕದಿಂದ ತಟ್ಟನೆ ಹೊರಬಿದ್ದು, ಸಣ್ಣದಾಗುತ್ತಾ ಹೋಗುವಂಥವು. ದೂರದಲ್ಲಿ ಚುಕ್ಕಿಯಾಗಿ ಹುಟ್ಟಿ, ಬೆಳೆಯುತ್ತಾ ಬೆಳೆಯುತ್ತಾ ತನ್ನ ಕಡೆಗೇ ಬರುವ ಮರವನ್ನು ಅವಳು ಅದೇ ಮೊದಲು ನೋಡಿದ್ದು. ರೈಲಿನಲ್ಲಿ ಒಂದೆರಡು ಸಲ ಕೂತಿದ್ದಳು. ಆದರೆ ರೈಲು ಪಕ್ಕದ ದಾರಿಯನ್ನು ತೋರಿಸುತ್ತದೆಯೇ ಹೊರತು ಮುಂದಿನದನ್ನಲ್ಲ. ಸ್ಟೇಷನ್ನಿನಲ್ಲಿ ದಿನವೂ ಬಾಯಿ ತೆರೆದು ನಿಂತವನು ನಾನು. ಒಂದು ಮರವನ್ನು ನೋಡಿ ಹೀಗೆ ಬೆರಗಾಗಬಹುದೆಂದು ನನಗೆ ಗೊತ್ತಿರಲಿಲ್ಲ.

"ಇದನ್ನ ತೆಗೆಯೋಕಾಗುತ್ತಾ?" ಎಂದು ಟಾಪನ್ನು ಮುಟ್ಟಿದಳು. ಗಾಡಿ ನಿಲ್ಲಿಸಿ, ಪಟ್ಟಿ ಬಿಚ್ಚಿ, ಅದನ್ನು ಹಿಂದಕ್ಕೆ ಮಡಿಸಿದೆ. ಆಕಾಶವೆಲ್ಲ ಒಮ್ಮೆಗೇ ನಮ್ಮ ಮೇಲೆ ಬಂತು. ಹೊರಟ ಮೇಲೆ ಗಾಳಿಗೆ ಅವಳ ಸೆರಗು ಜಾರಿ ಹೆಗಲಿಗೆ ಬಿತ್ತು. ಎಳೆದುಕೊಂಡಳು, ಮತ್ತೆ ಜಾರಿತು. ಕೊನೆಗೆ ಬಿಟ್ಟುಬಿಟ್ಟಳು.

ಸುತ್ತೂರಿನ ಕಡೆ ದಾರಿ ಕಿರಿದಾಗುವಲ್ಲಿ ಎದುರಿಗೆ ಒಂದು ಎತ್ತಿನ ಗಾಡಿ ಬಂತು. ಒಳಗೆ ಹೊಸ ಸೀರೆಯ ಹೆಂಗಸರು, ಮಡಿಲಲ್ಲಿ ಹಣ್ಣುಹೂವಿನ ಬುಟ್ಟಿ. ನೋಡಿದರೇ ಗೊತ್ತಾಗುತ್ತಿತ್ತು, ಹೆಣ್ಣು ನೋಡಲು ಹೊರಟವರು. ದೊಡ್ಡತ್ತೆಗೂ ಆ ಒಂದು ಕಣ್ಣಿನಲ್ಲಿ ಅಷ್ಟು ಕಂಡಿತು.

"ತಿರುಗಿಸೋ, ತಿರುಗಿಸೋ! ಒಳ್ಳೇ ಕೆಲಸಕ್ಕೆ ಹೊರಟಿದ್ದಾರೆ" ಎಂದು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ತಿರುಗಿಸುವುದೆಲ್ಲಿ? ಹಿಂದಕ್ಕೆ ಹೋಗುವ ವಿದ್ಯೆಯೇ ನನಗೆ ಬಾರದು. ಎತ್ತುಗಳು ಬೆದರಿದವು. ನಾನು ಗಾಬರಿಯಲ್ಲಿ "ಹೋ ಹೋ" ಎಂದೆ. ಅವು ನಿಂತವು, ನನ್ನ ಗಾಡಿಯೂ ಕೆಮ್ಮಿ ನಿಂತಿತು. ಜಾನಕಿ ಹೆದರಿದ್ದು ನಡೆದೇಬಿಡುತ್ತದೆ ಎಂದುಕೊಂಡೆ.

ಎತ್ತಿನ ಗಾಡಿಯಿಂದ ಮುದುಕ ಗೌಡನೊಬ್ಬ ಇಳಿದು ಬಂದ. ಮೂತಿಯಿಂದ ಬಾಲದವರೆಗೆ ನನ್ನ ಮೋಟಾರನ್ನು ನೋಡಿದ. ಆಮೇಲೆ ದೊಡ್ಡತ್ತೆಯ ಕಡೆ ತಿರುಗಿದ. ಅವಳ ಬೋಳುತಲೆ, ಕೆಂಪು ಸೀರೆ ಎಲ್ಲವೂ ಅವನಿಗೆ ಹಾಡುಹಗಲಿನಲ್ಲಿ ಕಾಣುತ್ತಲೇ ಇದ್ದವು.

"ಅವ್ವಾ, ಇಂಗೆ ಮುಂದ್ಗಡೆ ಕುಂತ್ಕಂಡ್ರೆ ಬಯ ಆಗಾಕಿಲ್ವಾ?"

ದೊಡ್ಡತ್ತೆ ಸೆರಗನ್ನು ಸ್ವಲ್ಪ ಸರಿಸಿದಳು. "ಆಗತ್ತಪ್ಪ" ಎಂದಳು. ಒಂದು ಕ್ಷಣ ಬಿಟ್ಟು, "ಆದರೂ ಚೆನ್ನಾಗಿದೆ."

ಗೌಡ ಬಾಯ್ತುಂಬ ನಕ್ಕ. "ಏ, ಎಲ್ಲಾ ಇಳೀರ‍್ಲಾ, ನೋಡ್ಬನ್ನಿ! ಎತ್ತಿಲ್ದ ಗಾಡೀಲಿ ಅವ್ವ ಕುಂತವ್ರೆ" ಎಂದು ಕೂಗಿದ. ಎಲ್ಲರೂ ಇಳಿದು ಬಂದು ಸುತ್ತ ನಿಂತರು. ಒಬ್ಬಳು ದೊಡ್ಡತ್ತೆಯ ಪಕ್ಕದ ದೀಪವನ್ನು ಮುಟ್ಟಿ ಕೈ ಕಣ್ಣಿಗೊತ್ತಿಕೊಂಡಳು. ಗೌಡ ಬುಟ್ಟಿಯಿಂದ ಎರಡು ರಸಬಾಳೆ ಕಿತ್ತು ದೊಡ್ಡತ್ತೆಯ ಮಡಿಲಿಗೆ ಹಾಕಿ, "ನೀವು ಎದುರ‍್ಗೆ ಸಿಕ್ಕಿದ್ದು ಒಳ್ಳೇದಾಯ್ತು ಬುಡಿ. ನಮ್ ಕೆಲ್ಸ ಆದಂಗೇಯ" ಎಂದ. ಆ ಬಾಳೆಹಣ್ಣುಗಳನ್ನು ಅವಳು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಅಳುತ್ತಿದ್ದಳೋ, ಗಾಳಿಗೆ ಬಂದ ನೀರೋ, ನಾನು ಕೇಳಲಿಲ್ಲ. ಅವರೇ ನಮ್ಮನ್ನು ನೂಕಿ ಹೊರಡಿಸಿದರು.

ತಿರುಮಕೂಡಲು ಕಾಶಿಗಿಂತ ಒಂದು ಗುಲಗಂಜಿಯಷ್ಟು ಹೆಚ್ಚು ಎಂಬ ನಂಬಿಕೆ ನಿಮಗೆ ಗೊತ್ತಿರಬಹುದು. ನರಸೀಪುರದ ನರಸಿಂಹಸ್ವಾಮಿ ಆ ಗುಲಗಂಜಿಯನ್ನು ಕೈಯಲ್ಲೇ ಹಿಡಿದಿದ್ದಾನಂತೆ. ವಕೀಲನಾದ ನಾನು ಈ ತೂಕವನ್ನು ಯಾವ ತಕ್ಕಡಿಯಲ್ಲಿ ಹಾಕಿ ನೋಡಿದರೆಂದು ಹಿಂದೆ ಹಾಸ್ಯ ಮಾಡಿದ್ದುಂಟು. ಅಂದು ನೀರಿಗಿಳಿದು ಎದ್ದ ದೊಡ್ಡತ್ತೆಯ ಮುಖ ನೋಡಿದ ಮೇಲೆ ಬಾಯಿ ಮುಚ್ಚಿಕೊಂಡೆ. ಎರಡು ನದಿಗಳು ಸೇರುವ ಕಡೆ ಅವಳು ಬಹಳ ಹೊತ್ತು ನೋಡಿದಳು. ಆಮೇಲೆ, "ಹೊರಡೋಣವೇ? ಬೆಳಕಿರುವಾಗಲೇ ದಾರಿ ನೋಡಬೇಕು" ಎಂದಳು.

ಮನೆಗೆ ಬಂದಾಗ ಜಾನಕಿ ಓಡಿಬಂದು, "ಏನು ನೋಡಿದಿರಿ ಅತ್ತೆ?" ಎಂದು ಕೇಳಿದಳು. ಸಂಗಮದ ವರ್ಣನೆ ಬರುತ್ತದೆಂದು ನಾವಿಬ್ಬರೂ ಕಾದೆವು.

"ಎಲ್ಲಾನೂ ಬರೋ ಮುಂಚೆ ನೋಡಿದೆ ಕಣೇ" ಎಂದಳು ದೊಡ್ಡತ್ತೆ. ಸೆರಗಿನ ಗಂಟಿನಿಂದ ಒಂದು ರಸಬಾಳೆ ತೆಗೆದು ಅವಳ ಕೈಗಿಟ್ಟಳು. "ಶುಭಕಾರ್ಯಕ್ಕೆ ಹೊರಟವರು ಕೊಟ್ಟದ್ದು. ತಿನ್ನು. ನಾಳೆ ನೀನು ಕೂತ್ಕೋ. ಯಾರೂ ಏನೂ ಅನ್ನೊಲ್ಲ, ನಾನು ನೋಡಿ ಬಂದಿದ್ದೀನಿ."

ಮಾರನೆಯ ಬೆಳಿಗ್ಗೆ ಜಾನಕಿ ರೇಷ್ಮೆ ಸೀರೆಯುಟ್ಟು, ಹೂ ಮುಡಿದು, ಬೀದಿಯ ಎಲ್ಲ ಕಿಟಕಿಗಳೂ ತೆರೆದಿದ್ದ ಹೊತ್ತಿನಲ್ಲಿ, ಟಾಪು ಮಡಿಸಿದ್ದ ಗಾಡಿಯಲ್ಲಿ ನನ್ನ ಪಕ್ಕ ಕೂರಲು ಹೊರಟಳು. ಕಾಲಿಡುವ ಮೊದಲು ನಿಂತು ಒಳಗೆ ನೋಡಿದಳು. ದೊಡ್ಡತ್ತೆ ಎಂದಿನಂತೆ ಅಡಿಗೆಮನೆಗೆ ಸರಿದಿದ್ದಳು.

"ಅತ್ತೆ, ಈಚೆ ಬನ್ನಿ. ಎದುರಿಗೆ ನಿಂತ್ಕೊಳ್ಳಿ. ನೀವು ಬಂದ ಮೇಲೇ ನಾನು ಹತ್ತೋದು" ಎಂದಳು.

ದೊಡ್ಡತ್ತೆ ಬಂದಳು. ತಲೆಬಾಗಿಲ ಹೊಸ್ತಿಲ ಮೇಲೆ, ನಮಗೆ ನೇರ ಎದುರಾಗಿ ನಿಂತಳು. ಜಾನಕಿ ಹತ್ತಿ ಕೂತಳು. ಎಂಜಿನ್ ಹೊರಡಿಸಲು ನಾನು ಗಾಡಿಯ ಮೂತಿಯಲ್ಲಿದ್ದ ಹಿಡಿಯನ್ನು ಹಿಡಿದು ತಿರುಗಿಸಿದೆ. ಇಂಥ ಹೊತ್ತಿನಲ್ಲಿ ಗಾಡಿ ಮೊದಲ ತಿರುವಿಗೇ ಗುಡುಗಿ ಹೊರಟಿತು ಎಂದು ಬರೆಯಲು ನನಗೂ ಆಸೆ. ಆದರೆ ಹೊರಡಲಿಲ್ಲ. ತಿರುಗಿಸಿದೆ, ಉಸಿರು ಬಿಟ್ಟೆ, ಬೆವರು ಒರೆಸಿಕೊಂಡೆ, ಮತ್ತೆ ತಿರುಗಿಸಿದೆ. ಕಿಟಕಿಗಳಲ್ಲಿ ಪಿಸುಮಾತು ಶುರುವಾಯಿತು. ದೊಡ್ಡತ್ತೆ ಒಳಕ್ಕೆ ಒಂದು ಹೆಜ್ಜೆ ಇಟ್ಟಳು. "ನಿಂತಿರಿ ಅತ್ತೆ" ಎಂದಳು ಜಾನಕಿ, ಕೂತಲ್ಲಿಂದಲೇ, ಬೀದಿಗೆಲ್ಲ ಕೇಳುವ ಹಾಗೆ. ನನ್ನ ತೋಳು ಸೋತು ಗಾಡಿ ಕರುಣೆ ಬಂದು ಗುಡುಗುವವರೆಗೂ ದೊಡ್ಡತ್ತೆ ಅಲ್ಲೇ ನಿಂತಿದ್ದಳು.