ಕಂಕುಳಿಗೆ ಹೋದ ಚೀಲ

ಲೋಕವನ್ನು ಸರಿಪಡಿಸುವ ಕೆಲಸವನ್ನು ಆ ಬೀದಿಯಲ್ಲಿ ಯಾರೂ ಯಾರಿಗೂ ಒಪ್ಪಿಸಿರಲಿಲ್ಲ. ದರ್ಜಿಯ ಮಗಳು ತಾನಾಗಿಯೇ ಅದನ್ನು ತಲೆಯ ಮೇಲೆ ಹೊತ್ತುಕೊಂಡಳು. ಹದಿನಾರರ ಹುಡುಗಿ. ನಲ್ಲಿ ತೊಟ್ಟಿಕ್ಕುವುದು ಕಂಡರೆ ಪುಸ್ತಕದ ಚೀಲವನ್ನು ನೆಲಕ್ಕಿಟ್ಟು, ಬಟ್ಟೆಯ ಚೂರು ಸುತ್ತಿ ಬಿಗಿದೇ ಮುಂದೆ ಹೋಗುವಳು. ಬಸ್ಸಿನ ಸಾಲಿನಲ್ಲಿ ನುಗ್ಗುವವರ ತೋಳು ತಟ್ಟಿ, "ಸಾರ್, ಸಾಲಿನ ಕೊನೆ ಆ ಕಡೆ ಇದೆ" ಎನ್ನುವಳು. ಹಗಲಿನಲ್ಲಿ ಉರಿಯುವ ಮೆಟ್ಟಿಲ ದೀಪವನ್ನು ಆರಿಸುವಳು. ಆರಿಸಿದ ಬೆನ್ನಿಗೇ ಎರಡನೆಯ ಮಹಡಿಯ ಮುದುಕರು ಎಡವಿ, ಅವಳ ಹೆಸರು ಹಿಡಿದು ಬೈದದ್ದೂ ಉಂಟು.

ಬೀದಿಯವರು ಅವಳಿಗೆ 'ಲೋಕೋದ್ಧಾರ' ಎಂದು ಹೆಸರಿಟ್ಟಿದ್ದರು. "ಲೋಕೋದ್ಧಾರ ಬಂತು, ಸಿಗರೇಟು ಬಚ್ಚಿಡ್ರೋ" ಎಂದು ಮೂಲೆಯಲ್ಲಿ ನಿಂತವರು ನಗುತ್ತಿದ್ದರು. ಹುಡುಗಿ ಅದನ್ನು ಬಿರುದೆಂದೇ ತಿಳಿದು ತಲೆ ಎತ್ತಿ ನಡೆಯುತ್ತಿದ್ದಳು. ತನ್ನನ್ನು ಕಂಡು ನಗುವವರ ಬಗ್ಗೆ ಅವಳಿಗಿದ್ದ ಅಭಿಪ್ರಾಯವೂ ಹೇಳಿಕೊಳ್ಳುವಂಥದ್ದಾಗಿರಲಿಲ್ಲ. ಆ ಬೀದಿಯಲ್ಲಿ ಎರಡೇ ಜಾತಿಯ ಜನ, ಕಸ ಎಸೆಯುವವರು ಮತ್ತು ಎಸೆದದ್ದನ್ನು ನೋಡಿಯೂ ನೋಡದಂತೆ ಹೋಗುವವರು ಎಂದು ಅವಳು ತೀರ್ಮಾನಿಸಿಬಿಟ್ಟಿದ್ದಳು. ತನ್ನನ್ನು ಮಾತ್ರ ಲೆಕ್ಕಕ್ಕೆ ಹಿಡಿದಿರಲಿಲ್ಲ.

ಅಪ್ಪನ ಅಂಗಡಿ ಕಟ್ಟಡದ ಮೆಟ್ಟಿಲುಗಳ ಕೆಳಗಿನ ಉದ್ದ ಕೋಣೆ. ಬಾಗಿಲಿಗೆ ಮುಖಮಾಡಿದ ಹೊಲಿಗೆಯಂತ್ರ, ನಡುವೆ ಇಸ್ತ್ರಿಯ ಮೇಜು, ಹಿಂದೆ ಪರದೆ ಎಳೆದು ಬಟ್ಟೆ ತೊಟ್ಟು ನೋಡಲು ಒಂದು ಮೂಲೆ. ಅಪ್ಪ ಹೆಚ್ಚು ಮಾತಿನವನಲ್ಲ. ಅವನ ತುಟಿಗಳ ನಡುವೆ ಯಾವಾಗಲೂ ಗುಂಡುಸೂಜಿಗಳಿರುತ್ತಿದ್ದವು. ಅಮ್ಮ ಆಸ್ಪತ್ರೆಯಲ್ಲಿ ದಾದಿ. ಮನೆಗೆ ಬರುವಾಗ ಮಗಳನ್ನು ಬೈಯುವಷ್ಟು ತ್ರಾಣವೂ ಅವಳಲ್ಲಿ ಉಳಿದಿರುತ್ತಿರಲಿಲ್ಲ. ಹೀಗಾಗಿ ಆ ಹೊಣೆ ಸೋದರತ್ತೆಯ ಪಾಲಿಗೆ ಬಂದಿತ್ತು. ಅಪ್ಪನ ಅಕ್ಕನಾದ ಆಕೆ ಕಿಟಕಿಯ ಪಕ್ಕದ ಸ್ಟೂಲಿನ ಮೇಲೆ ಕುಳಿತು ಗುಂಡಿ ಹಚ್ಚುತ್ತಾ, ಕಾಜಾ ಹೊಲಿಯುತ್ತಾ, ಆ ಹೊಣೆಯನ್ನು ಮನಸ್ಸಿಟ್ಟು ನಿರ್ವಹಿಸುತ್ತಿದ್ದಳು.

ಅಂಗಡಿಯಲ್ಲಿ ಅಪ್ಪನದೊಂದು ಕಟ್ಟುನಿಟ್ಟಿನ ಪದ್ಧತಿಯಿತ್ತು. ಬಟ್ಟೆ ಹೊಲಿದು ಮಿಕ್ಕ ತುಂಡುಗಳನ್ನೆಲ್ಲ ಸುತ್ತಿ, ಅದೇ ಬಟ್ಟೆಯ ಅಂಚಿನಿಂದ ಕಟ್ಟಿ, ಹೊಲಿದ ಉಡುಪಿನೊಂದಿಗೆ ಕೊಡುವುದು. ಎಷ್ಟೋ ಮಂದಿ, "ಈ ಚಿಂದಿ ತಗೊಂಡು ನಾನೇನು ಮಾಡ್ಲಿ?" ಎಂದು ಮೂಗು ಮುರಿದು ಅಲ್ಲೇ ಬಿಟ್ಟುಹೋಗುತ್ತಿದ್ದರು. ಅಂಥ ಗಂಟುಗಳನ್ನು ಅಪ್ಪ ಎಸೆಯುತ್ತಿರಲಿಲ್ಲ. ಮೇಜಿನ ಕೆಳಗಿನ ತಗಡಿನ ಪೆಟ್ಟಿಗೆಯಲ್ಲಿ, ನುಸಿಗುಳಿಗೆ ಹಾಕಿ, ವರ್ಷಗಟ್ಟಲೆ ಕಾಪಾಡುತ್ತಿದ್ದ.

"ಬಟ್ಟೆ ಹರಿಯತ್ತೆ, ಮೈ ದಪ್ಪ ಆಗತ್ತೆ. ಅವತ್ತು ಓಡಿ ಬರ್ತಾರೆ" ಎನ್ನುವನು.

ಅತ್ತೆ ಆ ಪೆಟ್ಟಿಗೆಗೆ 'ಹರಕಲು ಖಜಾನೆ' ಎಂದು ಹೆಸರಿಟ್ಟಿದ್ದಳು.

ಹುಡುಗಿಯ ಚೀಲಗಳ ಕತೆ ಒಂದು ಚರಂಡಿಯಿಂದ ಶುರುವಾಯಿತು. ಪ್ಲಾಸ್ಟಿಕ್ ಚೀಲಗಳು ಸಿಕ್ಕಿಕೊಂಡು ಚರಂಡಿ ಉಕ್ಕಿ, ಕಪ್ಪು ನೀರು ಅಂಗಡಿಯ ಹೊಸ್ತಿಲವರೆಗೂ ಬಂದಿತ್ತು. ಕೋಲಿನಿಂದ ಅವನ್ನೆಲ್ಲ ಹೊರಗೆಳೆದ ಹುಡುಗಿ ಮರುದಿನವೇ ನೆಲದಲ್ಲಿ ಬಿದ್ದ ಚೂರುಗಳನ್ನು ಕೂಡಿಸಿ ಕೈಚೀಲ ಹೊಲಿಯತೊಡಗಿದಳು. ಕಿರಾಣಿ ಅಂಗಡಿಯ ಬಾಗಿಲಿಗೆ ಕೊಕ್ಕೆಗಳ ಪಟ್ಟಿ ಬಡಿದು, ಚೀಲಗಳನ್ನು ತೂಗುಹಾಕಿ, "ಒಯ್ಯಿರಿ, ಮರಳಿ ತನ್ನಿ" ಎಂದು ಹಲಗೆಯ ಮೇಲೆ ಬರೆದಳು.

ಬೀದಿಯ ಜನ ಸೂಚನೆಯ ಅರ್ಧ ಭಾಗವನ್ನು ಶ್ರದ್ಧೆಯಿಂದ ಪಾಲಿಸಿದರು. ಒಯ್ದರು. ಮೂರನೆಯ ಮಹಡಿಯ ಗುಮಾಸ್ತರು ಒಯ್ದದ್ದರಿಂದ ಸ್ಕೂಟರು ಒರೆಸಿದರು. ಕಿರಾಣಿಯವನ ಹೆಂಡತಿ ಚಪ್ಪಲಿ ತುಂಬಿಟ್ಟಳು. ಒಬ್ಬಾಕೆ ತನ್ನ ಉಡುಪಿಗೆ ಹೊಂದುವ ಬಣ್ಣಗಳನ್ನು ಆರಿಸಿ ಆರಿಸಿ ಕಪಾಟು ತುಂಬಿಸಿದಳು. ಇನ್ನೊಬ್ಬ ಪುಣ್ಯಾತ್ಮ ಅಡುಗೆಮನೆಯ ಕಸ ತುಂಬಿಸಿ, ಸೂಚನೆಯಂತೆ ಮರಳಿ ತಂದು ಅದೇ ಕೊಕ್ಕೆಗೆ ತೂಗುಹಾಕಿಹೋದ.

"ಏನೇ ಲೋಕೋದ್ಧಾರ, ಲೋಕ ಉದ್ಧಾರ ಆಯ್ತಾ?" ಎಂದು ಅತ್ತೆ ದಾರ ಕಚ್ಚಿ ಕತ್ತರಿಸುತ್ತಾ ಕೇಳಿದಳು.

"ಜನಕ್ಕೆ ಬುದ್ಧಿ ಇಲ್ಲ ಅತ್ತೆ."

"ಅವ್ರಿಗೆ ಬುದ್ಧಿ ಇರೋದಕ್ಕೇ ಕಣೇ ನಿನ್ನ ಚೀಲ ಖಾಲಿ ಆಗಿದ್ದು. ಪುಕ್ಕಟೆ ಸಿಕ್ಕಿದ್ದನ್ನ ವಾಪಸ್ ಕೊಡೋಕೆ ಅವ್ರೇನು ನಿನ್ನಷ್ಟು ದಡ್ಡರಾ?"

ಚೀಲವನ್ನು ಒಗೆದು, ಮಡಿಸಿ, ವಾರವಾರವೂ ತಂದು ಕೊಕ್ಕೆಗೆ ಹಾಕಿ, ಬೇಕಾದಾಗ ಮತ್ತೆ ಅದನ್ನೇ ಒಯ್ಯುತ್ತಿದ್ದವಳು ಒಬ್ಬಳೇ, ಕಟ್ಟಡದ ಮೆಟ್ಟಿಲು ಗುಡಿಸಿ ಒರೆಸುವ ಹೆಂಗಸು. ಎಲ್ಲರೂ ಅವಳನ್ನು ಮೆಟ್ಟಿಲಮ್ಮ ಎನ್ನುತ್ತಿದ್ದರು.

ನೆಲದ ಚೂರುಗಳು ಎಷ್ಟು ದಿನ ಸಾಕಾದಾವು? ಹುಡುಗಿಯ ಕಣ್ಣು ತಗಡಿನ ಪೆಟ್ಟಿಗೆಯ ಮೇಲೆ ಬಿತ್ತು. ಒಡೆಯರೇ ಬೇಡವೆಂದ ಬಟ್ಟೆ ಕತ್ತಲಲ್ಲಿ ಕೊಳೆಯುತ್ತಿದೆ, ಹೊರಗೆ ಚರಂಡಿ ಕಟ್ಟಿಕೊಳ್ಳುತ್ತಿದೆ. ಕೇಳಿದರೆ ಅಪ್ಪ ಬೇಡವೆನ್ನುವನೆಂದು ಅವಳಿಗೆ ಗೊತ್ತಿತ್ತು, ಆದ್ದರಿಂದಲೇ ಕೇಳಲಿಲ್ಲ. ಅಪ್ಪ ದಾರ, ಅಸ್ತರು ತರಲು ಪೇಟೆಗೆ ಹೋಗುವ ಮಧ್ಯಾಹ್ನಗಳಲ್ಲಿ, ಅತ್ತೆ ತೂಕಡಿಸುವ ಹೊತ್ತು ನೋಡಿ, ಗಂಟುಗಳನ್ನು ಒಂದೊಂದಾಗಿ ಬಿಚ್ಚಿದಳು. ಕೆಲವೇ ವಾರಗಳಲ್ಲಿ ಖಜಾನೆ ಬರಿದಾಯಿತು. ಕೊಕ್ಕೆಗಳು ತುಂಬಿ ತುಳುಕಿದವು. ಅವುಗಳಲ್ಲಿ ನೀಲಿಯ ಮೇಲೆ ಪುಟ್ಟ ಬಿಳಿ ಹಕ್ಕಿಗಳಿದ್ದ ಚೀಲವನ್ನು ಮೆಟ್ಟಿಲಮ್ಮ ಮುಟ್ಟಿ ನೋಡಿ ಹೆಗಲಿಗೇರಿಸಿದಳು.

ಇನ್ನು ಅಧ್ಯಕ್ಷೆಯ ವಿಚಾರ. ಬೀದಿಯ ನಿವಾಸಿಗಳ ಸಂಘಕ್ಕೆ ಆಕೆ ಅಧ್ಯಕ್ಷೆಯಾದದ್ದು ಯಾವಾಗ, ಯಾರು ಆರಿಸಿದರು ಎಂಬುದು ಯಾರಿಗೂ ನೆನಪಿರಲಿಲ್ಲ. ಪೊರಕೆಯೊಂದನ್ನು ಹಿಡಿದು ಚಿತ್ರ ತೆಗೆಸಿಕೊಳ್ಳುವುದರಲ್ಲಿ ಆಕೆಯನ್ನು ಮೀರಿಸುವವರಿರಲಿಲ್ಲ. ಚಿತ್ರ ತೆಗೆದ ಕೂಡಲೇ ಪೊರಕೆಯನ್ನು ಬೇರೊಬ್ಬರ ಕೈಗೆ ದಾಟಿಸುವುದರಲ್ಲಿ ಇನ್ನೂ ಚುರುಕು. ಕೊಕ್ಕೆಯ ಚೀಲಗಳು ಸುದ್ದಿಯಾದ ಮೇಲೆ ಆಕೆ ಒಂದು ಸಭೆಯಲ್ಲಿ, "ಇದು ನಮ್ಮ ಸಂಘದ ಕನಸು" ಎಂದುಬಿಟ್ಟಿದ್ದರು. ಹಿಂದಿನ ಸಾಲಿನಲ್ಲಿ ಕುಳಿತಿದ್ದ ಹುಡುಗಿಗೆ ಮೈಯೆಲ್ಲ ಉರಿದುಹೋಗಿತ್ತು.

ಸಂಘದ ವಾರ್ಷಿಕ ಸಭೆಯ ಹಿಂದಿನ ದಿನ ಬೆಳಿಗ್ಗೆ ಆಕೆ ಅಂಗಡಿಗೆ ಬಂದರು. ಕೈಯಲ್ಲಿ ನೀಲಿಯ ಮೇಲೆ ಬಿಳಿ ಹಕ್ಕಿಗಳಿದ್ದ ಉದ್ದನೆಯ ಗೌನು.

"ನಾಳೆ ಇದನ್ನೇ ಹಾಕ್ಕೋಬೇಕು. ಇಂಥ ಬಟ್ಟೆ ಈ ಊರಲ್ಲೇ ಇನ್ನೊಂದಿಲ್ಲ. ಯಾಕೋ ಕಂಕುಳ ಹತ್ರ ಬಿಗಿ ಹಿಡಿಯತ್ತೆ. ಒಗೆದಾಗ ಕುಗ್ಗಿರಬೇಕು."

ಅತ್ತೆ ಕಾಜಾದ ಮೇಲಿನ ಕಣ್ಣೆತ್ತದೆ ನುಡಿದಳು: "ಹೌದು ಮೇಡಂ, ಬಟ್ಟೆ ತುಂಬಾ ಕುಗ್ಗತ್ತೆ. ಅದರಲ್ಲೂ ಊಟ ಆದ್ಮೇಲೆ."

ಅಪ್ಪ ಸೂಜಿಗಳ ನಡುವೆಯೇ ಕೆಮ್ಮಿ ಮಾತು ಮರೆಸಿದ. "ಎರಡೂ ಕಂಕುಳಿಗೆ ಮೂರುಮೂಲೆ ತುಂಡು ಕೊಟ್ರೆ ಸರಿಹೋಗತ್ತೆ. ಅವತ್ತು ನೀವು ಬೇಡ ಅಂತ ಬಿಟ್ಟುಹೋದ ಗಂಟು ಇದೆ, ನಾನು ಇಟ್ಟಿದೀನಿ."

ಅವನು ಬಾಗಿ ಪೆಟ್ಟಿಗೆಯನ್ನೆಳೆದು ಮುಚ್ಚಳ ತೆಗೆದ. ಒಳಗೆ ಒಂದು ನುಸಿಗುಳಿಗೆ ಉರುಳಾಡಿತು. ಇಸ್ತ್ರಿಯ ಮೇಜಿನ ಬಳಿ ನಿಂತಿದ್ದ ಹುಡುಗಿ ಒಂದು ಹೆಜ್ಜೆ ಹಿಂದೆ ಸರಿದಳು. ಅಪ್ಪ ಮಗಳ ಮುಖವನ್ನು ನೋಡಿದ, ಮುಚ್ಚಳ ಹಾಕಿದ.

"ನಾಳೆ ಮಧ್ಯಾಹ್ನ ಬಂದು ತೊಟ್ಟು ನೋಡಿ, ಮೇಡಂ."

ಆಕೆ ಹೋದ ಮೇಲೆ ಅವನು ಸೂಜಿಗಳನ್ನೆಲ್ಲ ಬಾಯಿಂದ ತೆಗೆದು ಮೇಜಿನ ಮೇಲಿಟ್ಟ. ಹುಡುಗಿಗೆ ಅದೇ ಹೆಚ್ಚು ಹೆದರಿಕೆ ಹುಟ್ಟಿಸಿತು.

"ಕೇಳಿದ್ಯಾ ನನ್ನ?"

"ಅವ್ರೇ ಬೇಡ ಅಂದಿದ್ರು ಅಪ್ಪ..."

"ಬೇಡ ಅಂದಿದ್ದು ಅವ್ರು. ನಾನು ಇಟ್ಟಿರ್ತೀನಿ ಅಂದಿದ್ದೆ. ನನ್ನ ಮಾತು ನೀನು ಕತ್ತರಿಸಿ ಚೀಲ ಹೊಲಿದ್ಯಾ? ದರ್ಜಿ ತುಂಡು ಕದೀತಾನೆ ಅನ್ನೋಕೆ ಜನ ಕಾಯ್ತಾ ಇರ್ತಾರೆ. ಇಷ್ಟು ವರ್ಷ ಒಬ್ರೂ ಈ ಬಾಗಿಲಲ್ಲಿ ಹಾಗನ್ನಲಿಲ್ಲ." ಅವನು ಪೆಟ್ಟಿಗೆಯನ್ನು ಮೇಜಿನ ಕೆಳಕ್ಕೆ ತಳ್ಳಿದ. "ಆ ಹಕ್ಕಿ ಬಟ್ಟೆ ಇವತ್ತು ವಾಪಸ್ ಬರ್ಬೇಕು. ಬರ್ಲಿಲ್ಲ ಅಂದ್ರೆ, ಇನ್ಮೇಲೆ ಈ ಅಂಗಡಿಯಲ್ಲಿ ಚೀಲದ ಮಾತೇ ಇಲ್ಲ. ಒಂದು ಚೂರೂ ಮುಟ್ಟೋ ಹಾಗಿಲ್ಲ."

ಬೀದಿಯಲ್ಲಿ ಎಷ್ಟೋ ಮಂದಿಯಿಂದ ಚೀಲವನ್ನು ಕಿತ್ತುಕೊಂಡು ಬರಲು ಹುಡುಗಿ ಸಂತೋಷವಾಗಿಯೇ ಹೋಗುತ್ತಿದ್ದಳು. ಸ್ಕೂಟರು ಒರೆಸಿದವರ ಬಳಿ ಇದ್ದಿದ್ದರೆ ಒಂದು ಭಾಷಣವನ್ನೂ ಬಿಗಿಯುತ್ತಿದ್ದಳು. ಆದರೆ ಬಿಳಿ ಹಕ್ಕಿಗಳು ಹೋಗಿ ಕುಳಿತದ್ದು ಮರಳಿ ಕೊಡುತ್ತಿದ್ದ ಒಬ್ಬಳೇ ಒಬ್ಬಳ ಹೆಗಲ ಮೇಲೆ!

ಮೆಟ್ಟಿಲಮ್ಮ ನಾಲ್ಕನೆಯ ಮಹಡಿಯ ತಿರುವಿನಲ್ಲಿ ಒರೆಸುವ ಬಟ್ಟೆ ಹಿಂಡುತ್ತಿದ್ದಳು. ಚೀಲ ಕಂಬಿಗೆ ತೂಗುತ್ತಿತ್ತು. ಅದರಲ್ಲಿ ಈರುಳ್ಳಿ, ಸೋಪು, ಮಡಿಸಿದ ಒಂದು ಸ್ವೆಟರು.

"ಹೇಳಮ್ಮ ಲೋಕೋದ್ಧಾರ. ಒರೆಸಿದ ಕಡೆ ಕಾಲಿಡಬೇಡ."

ಹುಡುಗಿ ಒದ್ದೆಯಾಗದ ಮೆಟ್ಟಿಲೊಂದನ್ನು ಹುಡುಕಿ ನಿಂತು, ನೆಲ ನೋಡುತ್ತಾ, ನಡೆದದ್ದನ್ನು ಹೇಳಿದಳು.

"ಅಂದ್ರೆ, ಅಧ್ಯಕ್ಷೆ ಕಂಕುಳಿಗೆ ನನ್ನ ಚೀಲ ಬೇಕು" ಎಂದಳು ಮೆಟ್ಟಿಲಮ್ಮ.

"ಹ್ಞೂಂ."

"ತಗೊಂಡು ಹೋದೋರನ್ನೆಲ್ಲಾ ಬಿಟ್ಟು, ತಂದು ಕೊಡೋಳ ಹತ್ರನೇ ಕೇಳೋಕೆ ಬಂದ್ಯಲ್ಲ. ಭೇಷ್!" ಎಂದು ಅವಳು ಬಕೆಟ್ಟಿನಲ್ಲಿ ಕೈ ಜಾಡಿಸಿದಳು. "ಆಯ್ತು, ಕೊಡ್ತೀನಿ. ನನಗೆ ಇನ್ನೊಂದು ಬೇಕು. ಚೂರುಪಾರಿಂದ ಅಲ್ಲ. ಗಟ್ಟಿ ಬಟ್ಟೆ. ಒಳಗೆ ಜೇಬು ಇರ್ಬೇಕು. ಜಿಪ್ಪೂ ಇರ್ಬೇಕು."

"ಜಿಪ್ಪಾ?"

"ಯಾಕೆ, ಅಧ್ಯಕ್ಷೆ ಬೆನ್ನಿಗೆ ಮಾತ್ರ ಜಿಪ್ಪು ಇರ್ಬೇಕಾ?"

ಈರುಳ್ಳಿಗಳನ್ನು ಸ್ವೆಟರಿನಲ್ಲಿ ಗಂಟುಕಟ್ಟಿ ಚೀಲವನ್ನು ಕೈಗಿತ್ತಳು. ಹುಡುಗಿ ಥ್ಯಾಂಕ್ಸ್ ಎಂದದ್ದು ಅವಳಿಗೇ ಸರಿಯಾಗಿ ಕೇಳಿಸಲಿಲ್ಲ.

ಚೀಲದ ಹೊಲಿಗೆ ಬಿಚ್ಚಿ ಗೌನಿನ ಪಕ್ಕದಲ್ಲಿಟ್ಟಾಗ ಇನ್ನೊಂದು ಫಜೀತಿ ಕಂಡಿತು. ವಾರವಾರವೂ ಒಗೆದ ಚೀಲದ ನೀಲಿ ಮಾಸಿಹೋಗಿತ್ತು. ಒಗೆಯದೆ ಗಲೀಜು ಮಾಡುವವರನ್ನು ಬೈದುಕೊಂಡೇ ಬಂದ ಹುಡುಗಿಗೆ, ಅಚ್ಚುಕಟ್ಟಾಗಿ ಒಗೆದದ್ದೇ ಹೀಗೆ ಕೈಕೊಟ್ಟೀತೆಂದು ತೋಚಿರಲಿಲ್ಲ. ಅಪ್ಪ ಬೆಳಕಿಗೆ ಹಿಡಿದು ನೋಡಿ, ಕತ್ತರಿಸಿದ. ತುಂಡುಗಳನ್ನು ಹೊಲಿದು ಕೂಡಿಸುವ ಕೆಲಸವನ್ನು ಮಗಳಿಗೇ ಕೊಟ್ಟು, ತಪ್ಪಿದ ಕಡೆಯೆಲ್ಲ ಬಿಚ್ಚಿಸಿದ.

ಮರುದಿನ ಅಧ್ಯಕ್ಷೆ ಗೌನು ತೊಟ್ಟು, ಕನ್ನಡಿಯ ಮುಂದೆ ಕೈಗಳನ್ನು ಇಳಿಬಿಟ್ಟು ನಿಂತರು. "ನೋಡಿ, ಗೊತ್ತೇ ಆಗಲ್ಲ!"

"ಕೈ ಕೆಳಗಿದ್ರೆ ಗೊತ್ತಾಗಲ್ಲ, ಮೇಡಂ. ತುಂಡಿನ ಬಣ್ಣ ಸ್ವಲ್ಪ ಮಾಸಿದೆ. ತಪ್ಪು ನಮ್ಮದು. ಆ ತುಂಡಿಂದ ನನ್ನ ಮಗಳು..." ಎಂದು ಅಪ್ಪ ಹೇಳಹೊರಟ.

"ಬಿಡಿ ಬಿಡಿ, ನನಗೆ ಹೊತ್ತಾಯ್ತು. ಅಲ್ಲಿ ನಾನೇನು ಕೈ ಎತ್ತಿ ಕುಣೀತೀನಾ?"

ಆಕೆ ಕುಣಿಯಲಿಲ್ಲವೆಂಬುದು ನಿಜ. ಆದರೆ ಸಂಜೆ ಸಂಘದ ಸಭಾಂಗಣದಲ್ಲಿ, ಬಿಸಾಡುವ ವಸ್ತುವನ್ನು ಮತ್ತೆ ಬಳಸುವ ಮಹತ್ವವನ್ನು ಕುರಿತು ಮಾತನಾಡುತ್ತಾ, ಬಟ್ಟೆ ಚೀಲಗಳ ಪ್ರಸ್ತಾಪ ಬಂದಾಗ ಆವೇಶ ತಡೆಯಲಾಗಲಿಲ್ಲ. "ಇದನ್ನು ಮಾಡಿದ್ದು ಯಾರು? ನಮ್ಮ ಸಂಘ!" ಎಂದು ಎರಡೂ ಕೈಗಳನ್ನು ಆಕಾಶಕ್ಕೆತ್ತಿದರು. ಎರಡು ಕಂಕುಳುಗಳಲ್ಲೂ ಮಾಸಲು ನೀಲಿಯ ಮೂರುಮೂಲೆಗಳು, ಅವುಗಳಲ್ಲಿ ಬಡಕಲು ಹಕ್ಕಿಗಳು.

ಕುರ್ಚಿ ಜೋಡಿಸಲು ಬಂದು ಹಿಂದೆ ನಿಂತಿದ್ದ ಮೆಟ್ಟಿಲಮ್ಮ ದನಿ ತಗ್ಗಿಸುವ ಪೈಕಿಯವಳಲ್ಲ. "ಅಯ್ಯೋ, ಅಲ್ನೋಡಿ ನನ್ನ ಚೀಲ!"

ಸಭೆ ಗೊಳ್ಳೆಂದಿತು. ಅಪ್ಪ ತಲೆ ತಗ್ಗಿಸಿದ. ಇನ್ನು ಅಂಗಡಿಯ ಮರ್ಯಾದೆ ಬೀದಿಗೆ ಬಿತ್ತು ಎಂದುಕೊಂಡಳು ಹುಡುಗಿ. ಅಧ್ಯಕ್ಷೆ ಕ್ಷಣಕಾಲ ಕಣ್ಣು ಪಿಳುಕಿಸಿ, ಅದೇ ಭಂಗಿಯಲ್ಲಿ, ಮುಖದ ತುಂಬ ನಗೆ ತಂದುಕೊಂಡು ನುಡಿದರು:

"ಹೌದಮ್ಮ, ನಿನ್ನ ಚೀಲವೂ ನಮ್ಮ ಸಂಘದ್ದೇ!"

ಜನ ಚಪ್ಪಾಳೆ ತಟ್ಟಿದರು. ಸ್ಕೂಟರಿನ ಗುಮಾಸ್ತರು ಎಲ್ಲರಿಗಿಂತ ಜೋರಾಗಿ ತಟ್ಟಿದರು. ಮನೆಗೆ ಬರುವ ದಾರಿಯಲ್ಲಿ ಅತ್ತೆ ನಕ್ಕು ನಕ್ಕು ಎರಡು ಸಲ ಗೋಡೆ ಹಿಡಿದು ನಿಂತಳು. ಅಪ್ಪ ಮಾತ್ರ ನಗಲಿಲ್ಲ. "ಬಟ್ಟೆ ಬಂತು, ಗೌನು ಆಯ್ತು. ಚೀಲ ಹೊಲಿ. ಆದ್ರೆ ಇನ್ಮೇಲೆ ತುಂಡು ಬೇಕಾ ಅಂತ ಬಂದವ್ರನ್ನ ನೀನೇ ಕೇಳ್ಬೇಕು. ಇಟ್ಟಿರಿ ಅಂದೋರ್ದು ಪೆಟ್ಟಿಗೆಗೆ, ಬೇಡ ಅಂದೋರ್ದು ನಿನಗೆ. ಪೆಟ್ಟಿಗೆಯಿಂದ ಹೋದದ್ದನ್ನೆಲ್ಲ ಹುಡುಕಿ ತಂದು ಒಳಗಿಡು."

ಹುಡುಗಿ ಬಾಗಿಲು ಬಾಗಿಲು ತಟ್ಟಿದಳು. ಕೆಲವು ಚೀಲಗಳು ಒರೆಸುವ ಬಟ್ಟೆಗಳಾಗಿ, ಕೆಲವು ಚಪ್ಪಲಿಯ ಗೂಡುಗಳಾಗಿ ಸಿಕ್ಕವು. ಕೆಲವರು, "ಯಾವ ಚೀಲ?" ಎಂದು ಬಾಗಿಲು ಹಾಕಿದರು. ಬೀದಿಯ ಜನರ ಬಗ್ಗೆ ಅವಳ ಅಭಿಪ್ರಾಯ ಎಳ್ಳಷ್ಟೂ ಸುಧಾರಿಸಲಿಲ್ಲ. ಸುಧಾರಿಸಲು ಅವರೂ ಕಾರಣ ಕೊಡಲಿಲ್ಲ. ಆದರೆ ಈ ಸಲ ತನ್ನನ್ನೂ ಅವರ ಲೆಕ್ಕಕ್ಕೇ ಸೇರಿಸಿಕೊಂಡಳು.

ಮೆಟ್ಟಿಲಮ್ಮನ ಚೀಲವನ್ನು ಮಾತ್ರ ಅವಳು ತನ್ನದೇ ದಪ್ಪ ಕೋಟನ್ನು ಕತ್ತರಿಸಿ ಹೊಲಿದಳು. ಜೇಬಿಟ್ಟಳು, ಜಿಪ್ಪು ಹಾಕಿದಳು. ಮೆಟ್ಟಿಲಮ್ಮ ಅಂಗಡಿಯ ಬಾಗಿಲಲ್ಲಿ ನಿಂತು ಅದನ್ನು ಒಳಹೊರಗೆ ತಿರುಗಿಸಿ, ಜಿಪ್ಪೆಳೆದು, ಜೇಬಿಗೆ ಕೈ ಹಾಕಿ ನೋಡಿದಳು.

"ಜೇಬು ಚಿಕ್ಕದಾಯ್ತು. ನನ್ನ ಕೈ ಹಿಡಿಯಲ್ಲ."

ಬೇರೆ ದಿನವಾಗಿದ್ದರೆ ಹುಡುಗಿ ಒಂದು ಭಾಷಣ ಬಿಗಿಯುತ್ತಿದ್ದಳು. ಈಗ ಚೀಲವನ್ನು ಮರಳಿ ತೆಗೆದುಕೊಂಡು, ಕುಳಿತು, ಹೊಲಿಗೆ ಬಿಚ್ಚತೊಡಗಿದಳು.

ಕಿಟಕಿಯ ಬಳಿಯಿಂದ ಅತ್ತೆ ಕೇಳಿದಳು: "ಏನೇ, ಲೋಕದ ಉದ್ಧಾರ ಎಲ್ಲಿಗೆ ಬಂತು?"

"ಜೇಬಿಗೆ ಬಂದಿದೆ ಅತ್ತೆ" ಎಂದು ಹುಡುಗಿ ತಲೆಯೆತ್ತದೆ ಹೇಳಿದಳು. "ಆ ಕತ್ತರಿ ಈ ಕಡೆ ಕೊಡಿ."